ಕೊನೆಯ ಗದ್ದೆಯ ಟೀವಿ

ಮನೆಯವರ ಎದುರಿಗೆ ಯಾವುದಾದರೂ ಕೆಲಸವನ್ನು ಒಮ್ಮೆ ಸರಿಯಾಗಿ ಮಾಡಿಬಿಡುವುದಕ್ಕಿಂತ ದೊಡ್ಡ ಅವಿವೇಕ ಇನ್ನೊಂದಿಲ್ಲ. ಕೆಲಸ ಕೆಡಿಸಿದವನನ್ನು ಮತ್ತೆ ಯಾರೂ ಕರೆಯುವುದಿಲ್ಲ. ಅವನು ನೆರಳಲ್ಲಿ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಿರುತ್ತಾನೆ. ಸರಿಯಾಗಿ ಮಾಡಿದವನು ಮಾತ್ರ ಬದುಕಿರುವಷ್ಟು ಕಾಲ ಏಣಿಯ ಮೇಲಿರುತ್ತಾನೆ. ನಾನು ಆ ಏಣಿ ಹತ್ತಿದ್ದು ಶೀಳನೆರೆಯಲ್ಲಿ, ನಮ್ಮಕ್ಕ ಜಯಮ್ಮನ ಮನೆಯಲ್ಲಿ. ನಮ್ಮ ಭಾವ ನಿಂಗೇಗೌಡರು ಹಾಲು ಕರೆಯಲು ಕೂತ ಹೊತ್ತಿಗೇ ಕ್ರಿಕೆಟ್ ಪಂದ್ಯ ರಸವತ್ತಾದ ಘಟ್ಟಕ್ಕೆ ಬರುತ್ತಿತ್ತು. ಅವರ ಸಂಕಟ ನೋಡಲಾರದೆ, ಹಜಾರದ ಟೀವಿಯ ಡಬ್ಬಿಯಿಂದಲೇ ಇನ್ನೊಂದು ವೈರು ಎಳೆದು ಕೊಟ್ಟಿಗೆಯಲ್ಲೊಂದು ಹಳೇ ಟೀವಿ ಕೂರಿಸಿಕೊಟ್ಟೆ. ಹಸುಗಳೂ ನೋಡತೊಡಗಿದವು. ಹಾಲು ಹೆಚ್ಚಲಿಲ್ಲ, ಕಡಿಮೆಯೂ ಆಗಲಿಲ್ಲ. ಆದರೆ ಅಂದಿನಿಂದ, ನಾಗಮಂಗಲದ ಬ್ಯಾಂಕೊಂದರಲ್ಲಿ ಚೆಕ್ಕಿನ ಹಿಂದೆ ಮೊಹರು ಒತ್ತಿಕೊಂಡಿದ್ದ ನಾನು ನೆಂಟರಿಷ್ಟರ ನಡುವೆ ಟೀವಿ ಎಂಜಿನಿಯರ್ ಆದೆ.

ಅಕ್ಕನ ಕಿರಿಮಗಳು ಸುಮಳ ಮದುವೆ ಗೊತ್ತಾದಾಗ ಈ ಪದವಿ ನನ್ನನ್ನು ಹುಡುಕಿಕೊಂಡು ಬಂತು. ಸುಮ ಪಾಂಡವಪುರದ ಶಾಲೆಯೊಂದರಲ್ಲಿ ಟೀಚರು. ಗದ್ದಲದ ತರಗತಿಯನ್ನು ಬಾಯಿ ಬಿಡದೆ, ಬರೀ ನೋಟದಲ್ಲೇ ಕೂರಿಸುತ್ತಾಳೆಂದು ಹೆಸರು. ಅವಳು ಚಿನ್ನ ಕೇಳಲಿಲ್ಲ, ರೇಷ್ಮೆ ಕೇಳಲಿಲ್ಲ. ಕೇಳಿದ್ದು ಒಂದೇ.

“ಮಾವ, ಅಕ್ಕನ ಮದ್ವೆ ವಿಡಿಯೋ ನೋಡಿದ್ದೀಯಲ್ಲ? ತಾಳಿ ಕಟ್ಟೋವಾಗ ಹಾಲ್ ತುಂಬ ಬರೀ ಕುರ್ಚಿ. ಪುರೋಹಿತರು, ಫೋಟೋದವ್ರು ಬಿಟ್ರೆ ಇನ್ನೊಂದು ನರಪಿಳ್ಳೆ ಇಲ್ಲ. ಅವ್ಳು ಇವತ್ತಿಗೂ ಆ ವಿಡಿಯೋ ಹಾಕಲ್ಲ. ನನ್ ಮದ್ವೇಲಿ ಜನ ಕಾಣ್ಬೇಕು. ಅಷ್ಟೇಯ.”

ಸಣ್ಣ ಆಸೆಯಂತೆ ಕಾಣುತ್ತದೆ. ಆದರೆ ನಮ್ಮ ಕಡೆಯ ಮದುವೆಗಳನ್ನು ಬಲ್ಲವರಿಗೆ ಅದರ ಆಳ ಗೊತ್ತು. ನಮ್ಮಲ್ಲಿ ಮದುವೆಗೆ ಬರುವವರಿಗೆ ಪ್ರೀತಿ ಇಲ್ಲವೆಂದಲ್ಲ. ಎರಡು ಬಸ್ಸು ಬದಲಾಯಿಸಿ ಬರುತ್ತಾರೆ, ಬರದಿದ್ದರೆ ವರ್ಷಗಟ್ಟಲೆ ನೊಂದುಕೊಳ್ಳುತ್ತಾರೆ. ಆದರೆ ಛತ್ರದ ಬಾಗಿಲು ದಾಟಿದ ಕೂಡಲೇ ಅವರ ಮನಸ್ಸಿನಲ್ಲಿ ಒಂದೇ ಚಿಂತೆ: ಊಟದ ಹಾಲಿನಲ್ಲಿ ಜಾಗ ಇದೆಯೋ ಇಲ್ಲವೋ. ಉಣ್ಣುತ್ತಿರುವವನ ಕುರ್ಚಿಯ ಬೆನ್ನು ಹಿಡಿದು ನಿಂತು, ಅವನ ಎಲೆಗೆ ಮಜ್ಜಿಗೆ ಬಿತ್ತೇ ಎಂದು ಹೆಗಲ ಮೇಲಿಂದ ಇಣುಕುವುದು ನಮ್ಮಲ್ಲಿ ಅಸಭ್ಯವಲ್ಲ, ಕ್ರಮ. ನಾನೇ ಹಾಗೆ ಎಷ್ಟೋ ಕುರ್ಚಿ ಹಿಡಿದಿದ್ದೇನೆ. ಸುಮಳಿಗೆ ಬಿದ್ದದ್ದು ನಡುಮಧ್ಯಾಹ್ನದ ಅಭಿಜಿನ್ ಲಗ್ನ ಬೇರೆ. ತಾಳಿಗೂ ಹಸಿವಿಗೂ ಒಂದೇ ಮುಹೂರ್ತ.

ನಾನು ಬಹಳ ಯೋಚಿಸಿದೆ. ಬ್ಯಾಂಕಿನಲ್ಲಿ ಯೋಚಿಸಲು ಸಮಯವಿರುತ್ತದೆ. ಜನ ಧಾರೆ ಮಂಟಪ ಬಿಟ್ಟು ಹೋಗುವುದು ಹಸಿವಿನಿಂದಲ್ಲ, ಅನುಮಾನದಿಂದ ಎಂದು ಹೊಳೆಯಿತು. ಕೆಳಗೆ ಜಾಗ ಉಂಟೋ ಇಲ್ಲವೋ ಎಂಬುದು ಮೇಲೆ ಕೂತಲ್ಲೇ ಕಂಡುಬಿಟ್ಟರೆ ನೆಮ್ಮದಿಯಾಗಿ ಕೂರುತ್ತಾರೆ. ಆದ್ದರಿಂದ ಊಟದ ಹಾಲಿನಲ್ಲೊಂದು ಕ್ಯಾಮೆರಾ. ಅದರ ಚಿತ್ರ ಮೇಲೆ, ಧಾರೆ ಮಂಟಪದ ಎರಡೂ ಪಕ್ಕದ ದೊಡ್ಡ ಪರದೆಗಳಲ್ಲಿ. ಮಂಟಪದ ಮುಂದೊಂದು ಕ್ಯಾಮೆರಾ. ಅದರ ಚಿತ್ರ ಊಟದ ಹಾಲಿನ ಗೋಡೆಗೋಡೆಯಲ್ಲಿ, ಮೆಟ್ಟಿಲ ಹತ್ತಿರ, ಅಡುಗೆಮನೆಯಲ್ಲಿ, ಕಾರು ನಿಲ್ಲಿಸುವಲ್ಲಿ. ಮೇಲಿನವರಿಗೆ ಧೈರ್ಯ, ಕೆಳಗಿನವರಿಗೆ ದರ್ಶನ. ಲಗ್ನಪತ್ರಿಕೆಯೊಂದರ ಹಿಂಬದಿಯಲ್ಲಿ ನಕ್ಷೆ ಬರೆದೆ. ನನಗೇ ನನ್ನ ಮೇಲೆ ಗೌರವ ಬಂತು.

ಭಾವನಿಗೆ ಅದನ್ನು ವಿವರಿಸುವುದು ಕಷ್ಟವಾಗಲಿಲ್ಲ. ನಾಲೆ ಬಯಲಿನ ರೈತ. ಎಲ್ಲವನ್ನೂ ನೀರಿನ ಲೆಕ್ಕದಲ್ಲಿ ಹಿಡಿಯುತ್ತಾರೆ. ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿ, “ಇದು ದೊಡ್ಡ ನಾಲೆ, ಇವು ತೂಬು, ಇವೆಲ್ಲ ಗದ್ದೆ. ಅಂಗಲ್ವೇನ್ಲಾ ರಾಜಾ?” ಎಂದರು.

“ಅಂಗೇ ಭಾವ.”

“ಸರಿ ಬುಡು. ಈ ಮೂಲೇಲಿರೋ ಕೊನೇ ಗದ್ದೆಗೆ ನೀರು ಬತ್ತದಾ? ನಮ್ ನಾಲೇಲಂತೂ ಬರಕಿಲ್ಲ.”

ನಾನು ನಕ್ಕೆ. ವೈರಿನಲ್ಲಿ ಹರಿಯುವುದು ನೀರಲ್ಲ, ಚಿತ್ರ ಎಂದೆ. ಅದನ್ನು ಹೇಳುವಾಗ ನನ್ನ ದನಿಯಲ್ಲಿ ಸ್ವಲ್ಪ ಮರುಕವೂ ಇತ್ತು.

ಛತ್ರ ಶ್ರೀರಂಗಪಟ್ಟಣದಲ್ಲಿ, ಹೆದ್ದಾರಿಯ ಪಕ್ಕ. ಕೆಳಗೆ ಊಟ, ಮೇಲೆ ಧಾರೆ. ಪರದೆ, ಕ್ಯಾಮೆರಾ, ಲೈಟು ಎಲ್ಲವನ್ನೂ ಬಾಡಿಗೆಗೆ ಕೊಡುವವನು ಅದೇ ಊರಿನ ಶಫಿ. ನಕ್ಷೆ ನೋಡಿ ಅವನು ತಲೆ ಕೆರೆದುಕೊಂಡ. “ಸಾರ್, ಮದ್ವೆ ಊಟದ್ ಹಾಲಿಗೆ ಹಾಕ್ತಾರೆ, ಎಲ್ಲಾ ಕಡೆ ಉಂಟು. ಊಟ ಮದ್ವೆ ಹಾಲಿಗೆ ಯಾರೂ ಹಾಕಿಲ್ಲ.” ಹೊಸದನ್ನು ಮೊದಲು ಯಾರಾದರೂ ಮಾಡಲೇಬೇಕಲ್ಲವೇ ಎಂದೆ. “ಟೆನ್ಶನ್ ನಕ್ಕೋ ಸಾರ್, ಹಾಕ್ಬುಡೋಣ” ಎಂದ. ಬೀಗರದು ನಾಗಮಂಗಲದ ದೇವಲಾಪುರ. ಅವರ ಕಡೆಯ ಹಿರಿಯರು ಪುಟ್ಟಸ್ವಾಮಣ್ಣ ಬಂದು ಒಂದೇ ಪ್ರಶ್ನೆ ಕೇಳಿದರು: ಗಂಡಿನ ಕಡೆಯ ಪರದೆ ಹೆಣ್ಣಿನ ಕಡೆಯದಕ್ಕಿಂತ ಗೇಣು ಚಿಕ್ಕದಿದೆಯಲ್ಲ, ಯಾಕೆ? ಶಫಿ ಎರಡನ್ನೂ ದಾರ ಹಿಡಿದು ಅಳೆದು ತೋರಿಸಿದ ಮೇಲೂ ಅವರ ಮುಖ ಸಡಿಲವಾಗಲಿಲ್ಲ.

ಮದುವೆಯ ದಿನ ಎಲ್ಲ ಪರದೆಗಳೂ ಹತ್ತಿಕೊಂಡವು. ಕೊನೆಯ ಗದ್ದೆಯೊಂದು ಬಿಟ್ಟು. ಊಟದ ಹಾಲಿನ ದೂರದ ಮೂಲೆಯ ಆ ಟೀವಿ ಸುಮ್ಮನೆ ನೀಲಿಯಾಗಿತ್ತು. ಭಾವ ಅದನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು, ಏನೂ ಹೇಳಲಿಲ್ಲ. ಹೇಳಿದ್ದರೆ ವಾಸಿಯಿತ್ತು.

ನಾನು ಸೋದರಮಾವ. ಹೆಣ್ಣಿನ ಕೈ ಹಿಡಿದು ಮಂಟಪಕ್ಕೆ ಕರೆತರುವುದು ನನ್ನ ಹಕ್ಕು. ಸುಮಳನ್ನು ಕರೆತಂದು ಹಸೆಮಣೆಯ ಮೇಲೆ ನಿಲ್ಲಿಸಿದೆ. ಅವಳು ಕಣ್ಣೆತ್ತಿ ಹಾಲ್ ನೋಡಿದಳು, ಕುರ್ಚಿಗಳೆಲ್ಲ ತುಂಬಿದ್ದವು. ನನ್ನ ಕೈಯನ್ನೊಮ್ಮೆ ಒತ್ತಿ ಬಿಟ್ಟಳು. ಅಂತರಪಟ ಹಿಡಿದರು. ಇನ್ನೂ ಮಂತ್ರ ಬಹಳವಿತ್ತು. ಅಷ್ಟರಲ್ಲಿ ಆ ನೀಲಿ ಟೀವಿಯನ್ನು ಸರಿಮಾಡಿ ಬಂದುಬಿಡೋಣವೆಂದು ನಾನು ಕೆಳಗಿಳಿದೆ.

ಜೋಡಣೆ ಸಡಿಲವಾಗಿತ್ತು, ಅಷ್ಟೇ. ಒತ್ತಿದ ಕೂಡಲೇ ಚಿತ್ರ ಬಂತು. ಆ ಟೀವಿಯ ಎದುರಿಗಿದ್ದ ಕುರ್ಚಿ ಖಾಲಿಯಿತ್ತು. ಎಲೆ ಹಾಕಿತ್ತು. ಬಡಿಸುವವನು, “ಕೂತ್ಕಳಿ ಬುದ್ಧಿ, ನಿಂತ್ಕಂಡ್ರೆ ಓಡಾಡಕಾಗಕಿಲ್ಲ” ಎಂದ. ಚಿತ್ರವನ್ನು ಕೂತು ನೋಡಿದರೆ ಹೇಗೆ ಕಾಣುತ್ತದೆಂದು ಪರೀಕ್ಷಿಸುವುದೂ ಕೆಲಸದ ಭಾಗವೇ. ಕೂತೆ.

ಆಗ ಮೇಲೆ ಏನು ನಡೆಯಿತೆಂದು ಆಮೇಲೆ ಅಕ್ಕ ಹೇಳಿದಳು. ದೊಡ್ಡ ಪರದೆಗಳಲ್ಲಿ ಮೊದಲ ಪಂಕ್ತಿಯವರು ಕೈ ತೊಳೆಯಲು ಎದ್ದದ್ದು ಕಂಡಿತಂತೆ. ಎರಡನೇ ಪಂಕ್ತಿಗೆ ಎಲೆ ಹಾಸುವುದು ಕಂಡಿತು. ಆಮೇಲೆ ಚಿರೋಟಿ ಬಂತು. ಅದನ್ನು ಹತ್ತಿರದಿಂದ ತೋರಿಸುವಂತೆ ಊಟದ ಹಾಲಿನ ಕ್ಯಾಮೆರಾ ಹಿಡಿದಿದ್ದ ಶಫಿಯ ಹುಡುಗನಿಗೆ ನಾನೇ ಹೇಳಿದ್ದೆ. ಮೊದಲು ಹಿಂದಿನ ಸಾಲು ಎದ್ದಿತು, ಆಮೇಲೆ ನಡುವಿನವರು, ಕೊನೆಗೆ ಮುಂದಿನ ಸಾಲಿನ ಹಿರಿಯರೂ ಪಂಚೆ ಸರಿಮಾಡಿಕೊಂಡು. ಉಳಿದ ಮದುವೆಗಳಲ್ಲಿ ಜನ ಅಂದಾಜಿನ ಮೇಲೆ ಹೋಗುತ್ತಾರೆ. ಇಲ್ಲಿ ಖಚಿತ ಮಾಹಿತಿಯ ಮೇಲೆ ಹೋದರು.

ಕೆಳಗೆ ಉಂಡವರಾದರೂ ಎದ್ದು ಮೇಲೆ ಹೋಗಬೇಕಿತ್ತು. ಅವರೇಕೆ ಹೋಗುತ್ತಾರೆ? ಎದುರಿಗೇ ಮದುವೆ ನಡೆಯುತ್ತಿದೆ. ಪುಟ್ಟಸ್ವಾಮಣ್ಣ ಎಲೆ ಮಡಿಸಿದವರು ಕುರ್ಚಿಗೆ ಒರಗಿ ಕೂತೇಬಿಟ್ಟಿದ್ದರು. ಅವರ ಕುರ್ಚಿ ಹಿಡಿದು ನಿಂತಿದ್ದ ನಮ್ಮ ಕಡೆಯವನೊಬ್ಬ, “ಎದ್ದೇಳಣ್ಣೋ, ಮಜ್ಜಿಗೆ ಆಯ್ತಲ್ಲ” ಎಂದರೆ, “ತಡ್ಕಳ್ಲಾ, ಧಾರೆ ಆಗ್ಲಿ. ಎಲ್ಲಾ ಚೆಂದಾಗಿ ಕಾಣ್ತಾ ಅದೆ” ಎಂದರು. ಅವರ ಮಡಿಲಲ್ಲಿ ಅಕ್ಷತೆ ಸಿದ್ಧವಾಗಿತ್ತು. ಟೀವಿಗೆ ಹಾಕುವವರಿದ್ದರು.

ಮಂಟಪದಲ್ಲಿ ಸುಮ ಮತ್ತೊಮ್ಮೆ ಕಣ್ಣೆತ್ತಿದ್ದಾಳೆ. ಬರೀ ಕುರ್ಚಿ. ಅವಳಕ್ಕನ ವಿಡಿಯೋದಲ್ಲಿದ್ದ ಕುರ್ಚಿಗಳೇ ಬಂದು ಕೂತಂತೆ. ಅವಳು ಅಳಲಿಲ್ಲ. ಜೀರಿಗೆ ಬೆಲ್ಲ ಹಿಡಿದ ಕೈಯಲ್ಲೇ ಮಂಟಪದ ಮುಂದಿನ ಕ್ಯಾಮೆರಾದವನಿಗೆ ಸನ್ನೆ ಮಾಡಿ, “ಅಣ್ಣಾ, ನಮ್ಮನ್ ತೋರ್ಸಿದ್ದು ಸಾಕು. ಆ ಕಡೆ ತಿರುಗ್ಸಿ” ಎಂದಳಂತೆ.

ಊಟದ ಹಾಲಿನ ಎಲ್ಲ ಟೀವಿಗಳಲ್ಲೂ, ಅಡುಗೆಮನೆಯಲ್ಲೂ, ಕಾರುಗಳ ನಡುವೆಯೂ ಒಮ್ಮೆಗೇ ಖಾಲಿ ಕುರ್ಚಿಗಳು ಕಂಡವು. ಸಾಲು ಸಾಲು. ಒಂದರ ಮೇಲೆ ಯಾರದೋ ಮರೆತ ಶಲ್ಯ.

“ಯಾರ್ ಮದ್ವೆ ಲಾ ಇದು, ಜನ್ವೇ ಇಲ್ಲ?” ಎಂದರು ಪುಟ್ಟಸ್ವಾಮಣ್ಣ.

“ನಮ್ದೇ ಕಣಣ್ಣ. ಶಲ್ಯ ನಿಂದು” ಎಂದ ಅವರ ಕುರ್ಚಿ ಹಿಡಿದು ನಿಂತಿದ್ದವನು.

ಕ್ಯಾಮೆರಾ ಮತ್ತೆ ಮಂಟಪಕ್ಕೆ ತಿರುಗಿತು. ಸುಮ ನೇರವಾಗಿ ಅದನ್ನೇ ನೋಡುತ್ತಿದ್ದಳು, ಗದ್ದಲದ ತರಗತಿಯನ್ನು ನೋಡುವ ಹಾಗೆ. ಪುಟ್ಟಸ್ವಾಮಣ್ಣ ಮೊದಲು ಎದ್ದರು. “ಏಳ್ರಲಾ, ಎಣ್ಣು ನೋಡ್ತಾವ್ಳೆ!” ಕುರ್ಚಿಗಳು ಉರುಳಿದವು. ಉಂಡವರು, ಅರ್ಧ ಉಂಡವರು, ಕುರ್ಚಿ ಹಿಡಿದು ಕಾದವರು, ಸೌಟು ಹಿಡಿದ ಬಡಿಸುವವರು, ಎಲ್ಲರೂ ಮೆಟ್ಟಿಲಿಗೆ ನುಗ್ಗಿದರು. ಗಟ್ಟಿಮೇಳ ಶುರುವಾದಾಗ ಮೇಲೆ ನಿಲ್ಲಲೂ ಜಾಗವಿರಲಿಲ್ಲವಂತೆ.

ನನ್ನ ಟೀವಿಯಲ್ಲಿ ಇದೆಲ್ಲ ಎಷ್ಟು ಸ್ಪಷ್ಟವಾಗಿತ್ತು ಎನ್ನುತ್ತೀರಿ! ತಾಳಿಯ ಗಂಟು ಕೂಡ ಕಂಡಿತು. ಮೇಲಿನ ನೂಕುನುಗ್ಗಲಿನಲ್ಲಿ ನಿಂತವರಿಗೆ ಅದು ಕಂಡಿರಲಾರದು. ನನಗೆ ತೃಪ್ತಿಯಾಯಿತು. ಹೊರಡುವ ಮುಂಚೆ ಬಡಿಸುವವನು ಚಿರೋಟಿಯ ಮೇಲೆ ಬಾದಾಮಿ ಹಾಲು ಹಾಕಿ ಓಡಿದ್ದ. ಬಿಟ್ಟರೆ ನೆನೆದು ಮುದ್ದೆಯಾಗುತ್ತದೆ. ಯಂತ್ರಗಳ ಹತ್ತಿರ ಜವಾಬ್ದಾರಿಯುಳ್ಳವರು ಒಬ್ಬರಾದರೂ ಇರಬೇಕು ಎಂಬುದನ್ನೂ ಯೋಚಿಸಿದೆ.

ವಿಡಿಯೋ ಬಂದ ದಿನ ಶೀಳನೆರೆಯಲ್ಲಿ ಎಲ್ಲರೂ ಸೇರಿದ್ದೆವು. ಸುಮಳ ಆಸೆ ಪೂರ್ತಿಯಾಗಿತ್ತು. ಹಾಲ್ ತುಂಬ ಜನ. ಬಲಗೈ ಎಂಜಲೆಂದು ಮೇಲೆತ್ತಿ ಹಿಡಿದು ಎಡಗೈಯಲ್ಲಿ ಅಕ್ಷತೆ ಹಾಕುತ್ತಿದ್ದರು. ಸೌಟೊಂದು ಗಾಳಿಯಲ್ಲಿತ್ತು. ಇದೆಲ್ಲ ನನ್ನ ಯೋಜನೆಯ ಫಲವೆಂದು ನಾನು ಸಂಕೋಚದಿಂದಲೇ ನೆನಪಿಸಿದೆ. ಭಾವ ವಿಡಿಯೋ ನಿಲ್ಲಿಸಿದರು.

ತಾಳಿ ಕಟ್ಟುವ ಗಳಿಗೆ. ನಡುವೆ ಗಂಡು ಹೆಣ್ಣು. ಅವರ ಹಿಂದೆ, ಗಂಡಿನ ಕಡೆಗೊಂದು, ಹೆಣ್ಣಿನ ಕಡೆಗೊಂದು, ಆಳೆತ್ತರದ ಪರದೆಗಳು. ಎರಡರಲ್ಲೂ ಪೂರ್ತಿ ಖಾಲಿಯಾದ ಊಟದ ಹಾಲ್. ಮೂಲೆಯಲ್ಲಿ, ಕೊನೆಯ ಗದ್ದೆಯ ಟೀವಿಯ ಮುಂದೆ, ಒಬ್ಬನೇ ಒಬ್ಬ ಎಲೆಯ ಮೇಲೆ ಬಾಗಿ ಚಿರೋಟಿ ಮುರಿಯುತ್ತಿದ್ದಾನೆ. ಶಫಿಯ ಹುಡುಗ ಅವನನ್ನೂ ಹತ್ತಿರದಿಂದಲೇ ತೋರಿಸಿದ್ದ.

ಸುಮ ಎದ್ದು ನನ್ನ ಪಕ್ಕಕ್ಕೆ ಬಂದು ಕೂತಳು.

“ಸೋದರಮಾವ ಧಾರೆಗೆ ಇರ್ಲಿಲ್ಲ ಅಂತ ಮಾತ್ರ ಯಾರೂ ಆಡ್ಕಳಂಗಿಲ್ಲ ಬುಡು ಮಾವ. ನಾವಾದ್ರೂ ಒಂದೇ ಕಡೆ ಇದ್ದೋ. ನೀನು ಎರಡು ಕಡೇನೂ ಇದ್ದೀಯ.”