ನೀಲವ್ವ ಸಿಸ್ಟರಳ ಕಪಾಟು, ಸಾವಕಾರರ ಕಪಾಟು

"ನೋಡೊ ದುರಗಪ್ಪ, ಇನ್ನ ನಿನಗ ಎರಡೂ ಕಡೆ ಬೈಗಳ ತಪ್ಪಿದ್ವು!"

ಆಸ್ಪತ್ರೆಯ ಸ್ಟೋರು ನೋಡಿಕೊಳ್ಳುವ ನೀಲವ್ವ ಸಿಸ್ಟರ್, ತಾನೇ ತಯಾರಿಸಿದ, ಗಾಲಿ ಹಚ್ಚಿದ ಕಬ್ಬಿಣದ ಕಪಾಟಿನ ಬೆನ್ನು ಚಪ್ಪರಿಸಿದಳು. ಅದು ತನ್ನೊಳಗಿನ ಔಷಧ ತಾನೇ ಎಣಿಸುತ್ತಿತ್ತು. ಕಡಿಮೆ ಬಿದ್ದರೆ, ಔಷಧ ಪೂರೈಸುವ ಚನ್ನಪ್ಪ ಸಾವಕಾರರ, ಪೇಟೆಯ ಆಚೆಗಿನ ಗೋದಾಮಿನಲ್ಲಿದ್ದ ಅಂಥದೇ ಇನ್ನೊಂದು ಕಪಾಟಿಗೆ ಫೋನಿನಲ್ಲಿ ಕೂಗಿ ಹೇಳುತ್ತಿತ್ತು. ಬೀಗವೂ ಅವುಗಳ ಕೈಯಲ್ಲೇ, ಬೇರೆ ಯಾರಿಗೂ ತೆರೆಯದು!

ಔಷಧದ ಗಾಡಿ ಓಡಿಸುವ ದುರಗಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲಿ. ಇಲ್ಲಿ "ಯಾಕ ಕಡಿಮಿ ತಂದಿ?" ಅಲ್ಲಿ "ಯಾಕ ಅಷ್ಟ ಕೇಳ್ತಾರ?" ಏಳನೆಯ ತರಗತಿಗೆ ಶಾಲೆ ಬಿಟ್ಟವನು ಎರಡೂ ಕೈ ಜೋಡಿಸಿದ. "ಸಿಸ್ಟರ್, ನಿಮ್ಮ ತಲಿಗೆ ಶರಣು!"

ತಪ್ಪಾದದ್ದು ಒಂದೇ. ಕಪಾಟುಗಳಿಗೆ ಬುದ್ಧಿ ಕಲಿಸಲು ಆಕೆ ಹತ್ತು ವರ್ಷದ ಹಳೆಯ ಬೇಡಿಕೆ ಚೀಟಿಗಳನ್ನು ಓದಿಸಿದ್ದಳು. ಹತ್ತು ಬೇಕಾದರೆ ಮೂವತ್ತು ಬರೆಯುವುದು ಆಸ್ಪತ್ರೆಯ ಪದ್ಧತಿ. ಮೂವತ್ತು ಕೇಳಿದರೆ ಹತ್ತು ಕಳಿಸುವುದು ಸಾವಕಾರರ ಪದ್ಧತಿ. ಕಪಾಟುಗಳು ಎರಡನ್ನೂ ಕಲಿತವು. ಒಂದರ ಆಟ ಇನ್ನೊಂದಕ್ಕೆ ಗೊತ್ತು! ಆಸ್ಪತ್ರೆಯದು ಮುನ್ನೂರು ಸಲೈನ್ ಬಾಟಲಿ ಕೇಳಿತು. ಗೋದಾಮಿನದು ಎರಡು ಕೊಟ್ಟಿತು. ಇದು ಲಕ್ಷ ಕೇಳಿತು. ಅದು ಖಾಲಿ ಡಬ್ಬ ಕಳಿಸಿತು!

ನಾಲ್ಕನೆಯ ದಿನ ಮಧ್ಯಾಹ್ನ, ಮೇವು ಕೊಯ್ಯುತ್ತಿದ್ದ ದುರಗಪ್ಪನ ಅವ್ವನಿಗೆ ಹಾವು ಕಡಿಯಿತು.

"ಹಾವಿನ ಮದ್ದು ಒಟ್ಟು ಹತ್ತು ಸೀಸೆ ಬೇಕು. ಇದ್ದ ನಾಲ್ಕೂ ಏರಿಸೀನಿ," ಎಂದರು ಡಾಕ್ಟರು.

"ಹತ್ತು ಸಾವಿರ!" ಎಂದು ಕಪಾಟು ಕೂಗಿತು.

"ಒಂದು!" ಎಂದಿತು ಗೋದಾಮಿನದು.

ದುರಗಪ್ಪ ಕಪಾಟಿಗೆ ಜಾಡಿಸಿ ಒದ್ದ. "ಏ ಡಬ್ಬಾ! ಒಳಗ ಮಲಗಿದಾಕಿ ನಮ್ಮವ್ವ! ಖರೇ ಹೇಳು, ಆರು ಬೇಕು!"

ಕಪಾಟು ಒಳಗೊಳಗೇ ತಡಕಾಡಿತು. ಹತ್ತು ವರ್ಷದ ಚೀಟಿಗಳಲ್ಲಿ ಅದು ಒಂದೂ ನಿಜವಾದ ಲೆಕ್ಕ ಕಂಡಿರಲಿಲ್ಲ.

"ಆರು?"

"ಆರು!"

"ಆರು," ಎಂದು ಅದು ಮೆಲ್ಲಗೆ ಆಚೆ ದಾಟಿಸಿತು.

ಗೋದಾಮಿನ ಕಪಾಟಿಗೆ ನಂಬಿಕೆ ಬರಲಿಲ್ಲ. ಕಣ್ಣಾರೆ ನೋಡೋಣವೆಂದು ಬಾಗಿಲು ಮುರಿದುಕೊಂಡು ಹೊರಟೇಬಿಟ್ಟಿತು! ಬದನೆಕಾಯಿ ಬುಟ್ಟಿ ಉರುಳಿಸುತ್ತ ಪೇಟೆಯ ನಡುವೆ ಅದು. ಹಿಂದೆ ಧೋತರ ಎತ್ತಿ ಹಿಡಿದ ಸಾವಕಾರರು. "ಹಿಡೀರಲೇ, ನನ್ನ ಅಂಗಡೀನ ಓಡಿ ಹೊಂಟೈತಿ!"

ನೇರ ವಾರ್ಡಿಗೆ ಬಂತು. ಮಂಚ ನೋಡಿತು. ತನ್ನ ಬಾಗಿಲು ತೆರೆಯಿತು. ಆರು ಸೀಸೆ!

ಸಂಜೆಗೆ ಅವ್ವ ಕಣ್ಣು ಬಿಟ್ಟಳು. "ಎಮ್ಮಿಗೆ ಮೇವು ಹಾಕಿದ್ರೇನೊ?"

ಗೋದಾಮಿನ ಕಪಾಟು ಮಾತ್ರ ಮರಳಿ ಹೋಗಲೇ ಇಲ್ಲ. ನೀಲವ್ವನ ಕಪಾಟಿಗೆ ಭುಜ ತಾಗಿಸಿ ನಿಂತಿದೆ; ಎರಡೂ ದಿನವಿಡೀ ಒಂದಕ್ಕೊಂದು ಖರೇ ಲೆಕ್ಕ ಹೇಳಿಕೊಳ್ಳುತ್ತವೆ. ಈಗ ಔಷಧ ಬೇಕೆಂದರೆ ಸಾವಕಾರರೇ ಚೀಟಿ ಹಿಡಿದು ಆಸ್ಪತ್ರೆಗೆ ಬರಬೇಕು. ಮೊನ್ನೆ ತಲೆನೋವೆಂದು ಆರು ಗುಳಿಗೆ ಬರೆದುಕೊಟ್ಟರು. ಕಪಾಟು ಎರಡು ಕೊಟ್ಟಿತು.

"ಬೇಕಾಗಿದ್ದು ಎಷ್ಟರೀ ಸಾವಕಾರ್ರ?" ಎಂದ ದುರಗಪ್ಪ.

"ಎರಡ," ಎಂದರು ಸಾವಕಾರರು.