ಚಿಲಕಕ್ಕೆ ಹಚ್ಚಿದ ಕುಂಕುಮ

ಭಾನುವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಸ್ಥಳ: ತಾರ್ನಾಕದ ನಮ್ಮ ಮನೆಯ ನಡುಮನೆ. ಹಾಜರಿದ್ದವರು: ನಾನು, ನನ್ನ ಹೆಂಡತಿ, ನನ್ನ ಮೊಮ್ಮಗಳು ಮತ್ತು ಒಂದು ಭರಣಿ ಕುಂಕುಮ.

ಕುಂಕುಮವನ್ನು ಹಾಜರಿಪಟ್ಟಿಗೆ ಸೇರಿಸಿದ್ದಕ್ಕೆ ನಗಬೇಡಿ. ಆ ದಿನ ನಮ್ಮ ಮೂವರಿಗಿಂತ ಹೆಚ್ಚು ಕೆಲಸ ಮಾಡಿದ್ದು ಅದೇ. ಇನ್ನು ಮೊಮ್ಮಗಳ ವಿಷಯ. ಊರೆಲ್ಲ ಕೊರೊನಾಕ್ಕೆ ಹೆದರಿ ಬಾಗಿಲು ಹಾಕಿಕೊಂಡಿದ್ದಾಗ, ಕೊರೊನಾ ವಾರ್ಡಿಗೆ ಹೋಗುತ್ತೇನೆಂದು ಹಟ ಹಿಡಿದು, ಲಿಫ್ಟಿನ ಗುಂಡಿ ಒತ್ತಲು ಮಾತ್ರ ಹೆದರುತ್ತಿದ್ದ ಜೀವ ಇಡೀ ಹೈದರಾಬಾದಿನಲ್ಲಿ ಇವಳೊಬ್ಬಳೇ ಇದ್ದಿರಬೇಕು!

ಅವಳು ಎಂಬಿಬಿಎಸ್ ಕೊನೆಯ ವರ್ಷದಲ್ಲಿದ್ದಳು. ಹಾಸ್ಟೆಲ್ ಮುಚ್ಚಿತ್ತು, ರಾಯಚೂರಿನ ರಸ್ತೆ ಬಂದ್ ಆಗಿತ್ತು, ಹಾಗಾಗಿ ಮಗಳ ಮಗಳು ನಮ್ಮ ಪಾಲಿಗೆ ಬಂದಳು. ಬಂದ ಮೊದಲ ದಿನವೇ ಫ್ರಿಜ್ಜಿನ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿದಳು. ಯಾವುದರಿಂದ ಎಷ್ಟು ಅಪಾಯ ಎಂದು ಹತ್ತಕ್ಕೆ ಅಂಕ! ಹಾಲಿನ ಪಾಕೀಟು, ಎರಡು. ಲಿಫ್ಟಿನ ಗುಂಡಿ, ಆರು. ಮಾಸ್ಕನ್ನು ಗದ್ದಕ್ಕೆ ಇಳಿಸಿ ಮಾತಾಡುವ ಕೆಳಮನೆಯ ರಾವುಗಾರು, ಎಂಟು. ಕೊರೊನಾ ವಾರ್ಡು, ನಾಲ್ಕು.

"ವಾರ್ಡಿಗೆ ಬರೇ ನಾಲ್ಕ? ರಾವುಗಾರಿಗೆ ಎಂಟ?" ಎಂದೆ.

"ವಾರ್ಡಿನ್ಯಾಗ ವೈರಸ್ ಐತಿ ಅಂತ ಎಲ್ಲಾರಿಗೂ ಗೊತ್ತಿರತೈತ್ರಿ ಅಜ್ಜಾರ. ಮೈತುಂಬ ಸುತಗೊಂಡು ಹೋಗ್ತೀವಿ. ರಾವುಗಾರು ನಕ್ಕೋತ ಬರ್ತಾರ."

ರೈಲ್ವೆಯಲ್ಲಿ ಮೂವತ್ತನಾಲ್ಕು ವರ್ಷ ಸಿಗ್ನಲ್ ತಪಾಸಣೆ ಮಾಡಿದವನು ನಾನು. ಕೆಂಪು ದೀಪ ಉರಿಯುವ ಕಡೆ ಯಾವ ಚಾಲಕನೂ ಮೈಮರೆಯುವುದಿಲ್ಲ. ಮೈಮರೆಯುವುದು ಹಸಿರು ಕಂಡಾಗ. ಇದು ತಿಳಿಯಲು ನನಗೆ ಹತ್ತು ವರ್ಷ ಹಿಡಿದಿತ್ತು. ಈ ಹುಡುಗಿಗೆ ಕೊರೊನಾದ ಹತ್ತು ದಿನ ಸಾಕಾಗಿತ್ತು.

"ಹತ್ತಕ್ಕ ಹತ್ತು ಯಾರಿಗೂ ಕೊಟ್ಟಿಲ್ಲಲ್ಲ?" ಎಂದು ಕೇಳಿದೆ. ಹತ್ತರ ಮುಂದಿನ ಜಾಗ ಖಾಲಿಯಿತ್ತು.

"ಆಮ್ಯಾಲ ಬರೀತೀನಿ," ಎಂದು ಒಳಗೆ ಹೋದಳು.

ಅವಳ ಗೆಳತಿಯರ ಕಥೆಯೂ ಇಂಥದ್ದೇ. ಸಂಜೆ ಫೋನಿನಲ್ಲಿ ಎಲ್ಲರೂ ಸೇರುತ್ತಿದ್ದರು. ಒಬ್ಬಳು ದಿನಕ್ಕೆ ಹನ್ನೆರಡು ಸಲ ಜ್ವರ ನೋಡಿಕೊಳ್ಳುತ್ತಿದ್ದಳು. ಇನ್ನೊಬ್ಬಳಿಗೆ ವೈರಸ್ಸಿನ ಹೆದರಿಕೆ ಎಳ್ಳಷ್ಟೂ ಇರಲಿಲ್ಲ. ಪರೀಕ್ಷೆ ಮುಂದೆ ಹೋಯಿತು ಎಂದು ಕೇಳಿ ಮಾತ್ರ ಎರಡು ದಿನ ಹಾಸಿಗೆ ಹಿಡಿದಳು! ಅದೇ ಪುಸ್ತಕ ಓದಿದವರು, ಅದೇ ಪಾಠ ಕೇಳಿದವರು. ಹೆದರಿಕೆ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಅಳತೆಯಲ್ಲಿ ಹೊಲಿದಂತಿತ್ತು.

ಒಂದು ಬೆಳಿಗ್ಗೆ ನಮಗೆ ಹೇಳದೆ ಮುಂಬಾಗಿಲ ಚಿಲಕಕ್ಕೆ ಕುಂಕುಮ ಹಚ್ಚಿದಳು. ಸಂಜೆ ಟಾರ್ಚು ಹಿಡಿದು ಬಂದಳು. "ಮುಂಜಾನೆ ಚಿಲಕಕ್ಕ ಕುಂಕುಮ ಹಚ್ಚೀನಿ, ಅದನ್ನ ವೈರಸ್ ಅಂತ ತಿಳೀರಿ. ಯಾರ‍್ಯಾರ ಮೈಮ್ಯಾಲ ಎಲ್ಲೆಲ್ಲಿ ಹೋಗೇತಿ ನೋಡೋಣು."

ನನ್ನ ಹೆಂಡತಿಯ ಕಿರುಬೆರಳ ತುದಿಯಲ್ಲಿ ಒಂದು ಚುಕ್ಕೆ. ಅಷ್ಟೇ. ನನ್ನ ಮೇಲೆ? ಎರಡೂ ಕಿವಿ, ಮೂಗಿನ ತುದಿ, ಕನ್ನಡಕದ ಕಡ್ಡಿ, ಗಡಿಯಾರದ ಕೀಲಿ, ರೇಡಿಯೋದ ಗುಂಡಿ, ದಿನಚರಿಯ ಮೂರು ಪುಟ! ಮನೆಯಲ್ಲಿ ಎಲ್ಲರಿಗಿಂತ ಶಿಸ್ತಿನವನು ನಾನು. ಆದರೆ ಶಿಸ್ತೆಂದರೆ ಅವವೇ ಇಪ್ಪತ್ತು ವಸ್ತುಗಳನ್ನು ಅದೇ ಹೊತ್ತಿಗೆ ತಪ್ಪದೆ ಮುಟ್ಟುವುದು ಎಂದು ನನಗೆ ಯಾರೂ ಹೇಳಿರಲಿಲ್ಲ.

"ಅಜ್ಜಾರ, ನಿಮ್ಮ ಕೈಯಾಗ ಸಿಕ್ರ ವೈರಸ್ಸೂ ಟೈಮಿಗೆ ಸರಿಯಾಗಿ ಮುಟ್ಟತೈತಿ!"

"ದೇವರ ಕುಂಕುಮಕ್ಕ ವೈರಸ್ ಅಂತೀಯಲ್ಲ, ನಾಲಿಗಿಗೆ ಹಿಡಿತ ಏನರ ಐತೇನ ನಿನಗ?" ಎಂದು ಹೆಂಡತಿ ಭರಣಿ ಕಿತ್ತುಕೊಂಡಳು. ಮರುದಿನ ತಾನೇ ಬೇರೊಂದು ಭರಣಿಯಲ್ಲಿ ಕುಂಕುಮ ತುಂಬಿ, "ಇದು ನಿನ್ನ ವೈರಸ್ಸು, ನನ್ನ ದೇವರ ಮನಿ ಕಡೆ ತರಬ್ಯಾಡ," ಎಂದು ಕೊಟ್ಟಳು.

ಆಮೇಲೆ ಕಾಲೇಜಿನಿಂದ ಕಾಗದ ಬಂತು. ವಾರ್ಡಿನಲ್ಲಿ ಕೆಲಸ ಮಾಡಲು ಇಷ್ಟವಿರುವವರು ಹೆಸರು ಕೊಡಬಹುದು. ಮನೆಯ ಹಿರಿಯರ ಸಹಿ ಬೇಕು. ರಾಯಚೂರಿನಿಂದ ಮಗಳು ಫೋನಿನಲ್ಲಿ ಅತ್ತು ಹೇಳಿದ್ದು ಇಷ್ಟು: "ಅಪ್ಪಾ, ನೀವು ನೋಡಾಕತ್ತೀರಿ. ನೀವು ಹೆಂಗಂತೀರೋ ಹಂಗ."

ಕಣ್ಣಾರೆ ನೋಡದೆ ಯಾವ ಕಾಗದಕ್ಕೂ ಸಹಿ ಹಾಕಿದವನಲ್ಲ ನಾನು. ನನ್ನ ಮದುವೆಯ ಲಗ್ನಪತ್ರಿಕೆಯಲ್ಲಿ ಮುಹೂರ್ತದ ಹೊತ್ತನ್ನು ಎರಡು ಸಲ ತಾಳೆ ನೋಡಿದ್ದಕ್ಕೆ ಮಾವನವರು ಕೊನೆಯವರೆಗೂ ಮುನಿಸಿಕೊಂಡಿದ್ದರು. ಮೊಮ್ಮಗಳಿಗೂ ಷರತ್ತು ಹಾಕಿದೆ. ವಾರ್ಡಿನ ಉಡುಪು ಹಾಕುವುದು ಸುಲಭ, ಕಳಚುವಾಗಲೇ ಸೋಂಕು ತಗಲುವುದು ಎಂದು ಅವಳೇ ಹೇಳಿದ್ದಳು. ಸರಿ, ಕೈಗವಸಿಗೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಬಳಿದುಕೊಳ್ಳಬೇಕು, ಉಡುಪು ಕಳಚಬೇಕು. ಸಾಲಾಗಿ ಹತ್ತು ಸಲ ಮೈಮೇಲೆ ಒಂದು ಚುಕ್ಕೆಯೂ ಕಾಣದಿದ್ದರೆ ಸಹಿ.

ಉಡುಪೆಂದರೆ ನನ್ನ ಹಳೆಯ ರೈಲ್ವೆ ರೇನ್‌ಕೋಟು. ಮೇ ತಿಂಗಳ ಬಿಸಿಲಲ್ಲಿ ಅದನ್ನು ತೊಟ್ಟು ಬಾಗಿಲು ತೆರೆದವಳನ್ನು ಕಂಡು ರಾವುಗಾರು ಆಕಾಶ ನೋಡಿದರು. "ಏಮ್ಮಾ, ವಾನ ಒಸ್ತುಂದಾ?" ಮಳೆ ಬರುತ್ತಿದೆಯೇ ಎಂದು ಪಾಪ ನಿಜವಾಗಿಯೇ ಕೇಳಿದ್ದರು. ಇವಳು ಮೂರು ಹೆಜ್ಜೆ ಹಿಂದೆ ಸರಿದು, ಮೊದಲು ಮಾಸ್ಕ್ ಮೇಲೇರಿಸಿರೆಂದು ಕೈಸನ್ನೆ ಮಾಡಿದಳು!

ಮೊದಮೊದಲು ದಿನವೂ ಸೋತಳು. ಗಲ್ಲ, ಮೊಣಕೈ, ಹುಬ್ಬು. ಆಮೇಲೆ ಕೈ ಪಳಗಿತು. ಒಂದು, ಎರಡು, ಐದು, ಒಂಬತ್ತು. ನಾನು ಟಾರ್ಚು ಹಿಡಿದು ಹುಡುಕುತ್ತಿದ್ದೆ, ಸಿಗುತ್ತಿರಲಿಲ್ಲ. ಅವಳು ಗೆಲ್ಲುತ್ತಾ ಹೋದಂತೆ ನನ್ನ ಊಟ ಕಡಿಮೆಯಾಗುತ್ತಾ ಬಂತು. ರಸ್ತೆಯಲ್ಲಿ ಆಂಬುಲೆನ್ಸ್ ಕೂಗಿದಾಗಲೆಲ್ಲ ಎದ್ದು ಕಿಟಕಿ ಹಾಕುತ್ತಿದ್ದೆ.

ಆ ಭಾನುವಾರದ್ದು ಹತ್ತನೆಯ ಪರೀಕ್ಷೆ. ಸೋಮವಾರ ಬೆಳಿಗ್ಗೆ ಕಾಗದ ಕೊಡಬೇಕಿತ್ತು. ಅವಳು ಕೈಗವಸು ಒಳಮೈ ಹೊರಗಾಗುವಂತೆ ಎಳೆದಳು, ಕೋಟು ಕಳಚಿದಳು, ಕನ್ನಡಕ, ಕೊನೆಗೆ ಮಾಸ್ಕು. ನಡುನಡುವೆ ಕೈ ತೊಳೆದಳು. ನಾನು ಟಾರ್ಚು ಹಾಕಿದೆ. ಅಂಗೈ, ಮುಂಗೈ, ಮುಖ, ಕುತ್ತಿಗೆ. ಏನೂ ಇಲ್ಲ.

"ಹಿಂದ ತಿರುಗು," ಎಂದೆ. ಕಿವಿಯ ಹಿಂದಿನ ಕೂದಲು ಸರಿಸುವ ನೆಪದಲ್ಲಿ, ಭರಣಿಯ ಕುಂಕುಮಕ್ಕೆ ಒತ್ತಿಕೊಂಡಿದ್ದ ನನ್ನ ಹೆಬ್ಬೆಟ್ಟನ್ನು ಅಲ್ಲಿ ಮುಟ್ಟಿಸಿದೆ.

ಹೌದು, ನಾನೇ.

"ಇಲ್ಲೊಂದು ಐತಿ ನೋಡವ್ವ."

ಅವಳು ವಾದಿಸಲಿಲ್ಲ. ಅಜ್ಜಿಯ ಕೈಗನ್ನಡಿ ಹಿಡಿದು ನೋಡಿದಳು. ಕುರ್ಚಿಯಲ್ಲಿ ಕೂತು ಮಾಡಿದ್ದನ್ನೆಲ್ಲ ಮೊದಲಿನಿಂದ ಹೇಳಿಕೊಂಡಳು. ಕೈಗವಸು, ಕೋಟು, ಕನ್ನಡಕ, ಮಾಸ್ಕು. ಮತ್ತೊಮ್ಮೆ ಹೇಳಿದಳು. ಮೂರನೆಯ ಸಲ ಕೋಟಿನ ಹತ್ತಿರವೇ ನಿಲ್ಲಿಸಿದಳು.

"ಎಲ್ಲಿ ತಪ್ಪಿದೆ ಅಂತ ತಿಳೀವಲ್ದು ಅಜ್ಜಾರ. ತಪ್ಪಿದ್ದು ತಿಳೀಲಿಲ್ಲಂದ್ರ ನಾ ದಿನಾ ಈ ಮನಿಗೆ ಹೆಂಗ ಬರ್ಲಿ? ನಿಮಗ ಎಪ್ಪತ್ತೆರಡು. ಅಜ್ಜಿಗೆ ಸಕ್ಕರೆ ಕಾಯಿಲೆ. ಆ ಹತ್ತರ ಮುಂದ ನಂದ ಹೆಸರು ಬರೀಬೇಕಾಗಿತ್ತು. ಬರಿಯಾಕ ಆಗ್ಲಿಲ್ಲ."

ವಾರ್ಡಿಗೆ ನಾಲ್ಕು ಅಂಕ ಕೊಟ್ಟವಳು ಇಷ್ಟು ದಿನ ಹೆದರಿದ್ದು ನಮ್ಮ ಹೊಸ್ತಿಲಿಗೆ! ಇಷ್ಟು ಸಣ್ಣ ವಿಷಯ ಇಷ್ಟು ದೊಡ್ಡ ತಪಾಸಕನ ಕಣ್ಣಿಗೆ ಬಿದ್ದಿರಲಿಲ್ಲ. ಅವಳಿಗಿದ್ದ ಒಂದೇ ಧೈರ್ಯ ತನ್ನ ಕೈಯ ಮೇಲಿನ ನಂಬಿಕೆ. ಅದನ್ನೇ ನಾನು ಒಂದು ಚುಕ್ಕೆಯಿಂದ ಕೆಡಿಸಿದ್ದೆ.

ಕುಂಕುಮ ಹತ್ತಿದ ಹೆಬ್ಬೆಟ್ಟು ಮುಂದೆ ಚಾಚಿದೆ.

ಅವಳು ಹೆಬ್ಬೆಟ್ಟು ನೋಡಿದಳು, ನನ್ನನ್ನು ನೋಡಿದಳು.

"ಅಜ್ಜಾರ, ನೆಟ್ಟಗಿದ್ದ ಸಿಗ್ನಲ್ ಕೆಟ್ಟೈತಿ ಅಂತ ಬರದು ಎಷ್ಟು ಗಾಡಿ ನಿಲ್ಲಿಸೀರಿ ನೀವು?"

"ಇದೊಂದ, ತಾಯಿ."

ಅವಳು ನಕ್ಕಳೋ ಅತ್ತಳೋ, ಎರಡೂ ಒಟ್ಟಿಗೆ ಬಂದಿದ್ದರಿಂದ ನಮೂದಿಸಲಾಗಲಿಲ್ಲ. ಏಳು ಗಂಟೆಗೆ ಸಹಿ ಹಾಕಿದೆ. ಹೆಬ್ಬೆಟ್ಟು ಕಾಗದದ ಮೂಲೆಗೆ ತಗಲಿ ಕೆಂಪಾಯಿತು. ಬೇರೆ ಕಾಗದ ತರುತ್ತೇನೆಂದು ಎದ್ದರೆ ಹೆಂಡತಿ ಬಿಡಲಿಲ್ಲ. ದೇವರ ಮನೆಯ ಭರಣಿಯನ್ನೇ ತಂದು, ಲಗ್ನಪತ್ರಿಕೆಗೆ ಹಚ್ಚುವಂತೆ, ಉಳಿದ ಮೂರು ಮೂಲೆಗೂ ಹಚ್ಚಿದಳು. "ಇರ್ಲಿ ಬಿಡ್ರಿ. ಅಲ್ಲಿಯವರು ಕೇಳಿದ್ರ ನಮ್ಮ ಮನಿ ಪದ್ಧತಿ ಅಂತ ಹೇಳ್ತಾಳ."

ಸಂಜೆ ಆರು ಗಂಟೆ. ಅವಳು ಒಳಗೆ ಬಿಳಿ ಏಪ್ರನ್ ಇಸ್ತ್ರಿ ಮಾಡುತ್ತಿದ್ದಳು. ನಾನು ಕನ್ನಡಕ ಹಾಕಿಕೊಂಡು ಫ್ರಿಜ್ಜಿನ ಮುಂದೆ ನಿಂತೆ. ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದೆ. ಹತ್ತರ ಮುಂದೆ ಖಾಲಿ ಬಿಟ್ಟಿದ್ದ ಜಾಗದಲ್ಲಿ ‘ಅಜ್ಜ’ ಎಂದು ಬರೆದೆ. ಸಹಿ ಹಾಕಿದೆ, ನೋಡಿಯೇ ಹಾಕಿದೆ.