ಬನ್ನೇರುಘಟ್ಟ ರಸ್ತೆಯಲ್ಲಿ ವನವಾಸ

ನನಗೆ ಕಾಡೆಂದರೆ ಭಯ. ನೆಂಟರ ಮನೆಯಲ್ಲಿ ಒಂದು ರಾತ್ರಿ ಉಳಿಯಬೇಕಾದರೂ ಸ್ವಂತ ದಿಂಬನ್ನು ಕಂಕುಳಲ್ಲಿಟ್ಟುಕೊಂಡು ಹೋಗುವ ಜಾತಿ ನಾನು. ಇಂಥವನಿಗೆ ವಿಮಾ ಕಚೇರಿಯಿಂದ ನಿವೃತ್ತನಾದ ಮೇಲೆ ಹಿಮಾಲಯದ ತಪ್ಪಲಲ್ಲಿ ಕಾಫಿ ಕುಡಿಯಬೇಕೆಂಬ ಆಸೆ ಹುಟ್ಟಿತು. ತಪ್ಪು ನನ್ನದಲ್ಲ, ಮೊಬೈಲಿನದು. ಅದರಲ್ಲಿ ಗಡ್ಡದವನೊಬ್ಬ ದಿನವೂ ಮನೆಯಂಥ ಗಾಡಿಯೊಂದನ್ನು ನದಿಗೆ ಇಳಿಸಿ, ಬಂಡೆ ಹತ್ತಿಸಿ, ಕೊನೆಗೆ ಹಿಂಬಾಗಿಲು ತೆರೆದು ದೋಸೆ ಹುಯ್ದುಕೊಳ್ಳುತ್ತಿದ್ದ. ಒಳಗೆ ಹಾಸಿಗೆ, ಒಲೆ, ಫ್ರಿಜ್ಜು, ಮೂಲೆಯಲ್ಲಿ ಶೌಚಾಲಯ. ಚಾವಣಿಯ ಮೇಲೆ ಸೋಲಾರು. ಇದಕ್ಕೆ ಆಫ್‌ರೋಡ್ ಕ್ಯಾಂಪರ್ ಎನ್ನುತ್ತಾರೆ, ಅಂದರೆ ರಸ್ತೆಯೇ ಇಲ್ಲದ ಕಡೆ ಸಂಸಾರ ಹೂಡುವ ಗಾಡಿ. ನಮ್ಮ ತ್ಯಾಗರಾಜನಗರದ ರಸ್ತೆಗಳನ್ನು ಅಗೆದಿರುವ ಚೆಂದ ನೋಡಿದರೆ ಹಾಲು ತರುವುದಕ್ಕೂ ಅಂಥದೇ ಬೇಕು ಎಂಬುದು ನನ್ನ ವಾದ.

ನನ್ನ ಹೆಂಡತಿ ವಸುಧಾ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ವಾದಗಳ ಮೇಲೆ ಅವಳಿಗೆ ನಂಬಿಕೆಯಿಲ್ಲ, ಭಾಗಾಕಾರದ ಮೇಲಿದೆ.

"ವರ್ಷಕ್ಕೆ ಎಷ್ಟು ರಾತ್ರಿ ಮಲಗ್ತೀರ ಅದ್ರಲ್ಲಿ?" ಎಂದು ಕೇಳಿದಳು.

"ಒಂದು ಹತ್ತು ಇಟ್ಕೋ."

"ಗಾಡಿ ಬೆಲೇನ ಅದರಿಂದ ಭಾಗಿಸಿ ನೋಡಿ. ಆ ದುಡ್ಡಿಗೆ ಅರಮನೆ ಥರದ ಹೋಟೆಲಲ್ಲಿ ಮಲಗಬಹುದು. ಬೆಳಿಗ್ಗೆ ತಿಂಡೀನೂ ಅವರೇ ಕೊಡ್ತಾರೆ. ಪಾತ್ರೇನೂ ಅವರೇ ತೊಳೀತಾರೆ."

"ಸ್ವಾತಂತ್ರ್ಯಕ್ಕೆ ಬೆಲೆ ಕಟ್ಟಕ್ಕಾಗಲ್ಲ ಕಣೇ" ಎಂದೆ. ಈ ಮಾತನ್ನೂ ಆ ಗಡ್ಡದವನೇ ಹೇಳಿದ್ದು.

ಅಂತೂ ಒಂದು ಶನಿವಾರ ಗೊಟ್ಟಿಗೆರೆಯಾಚೆ ಇಂಥ ಗಾಡಿಗಳನ್ನು ಕಟ್ಟುವ ಶೆಡ್ಡಿಗೆ ಅವಳನ್ನು ಕರೆದುಕೊಂಡು ಹೋದೆ. ಅದರ ಯಜಮಾನ ನಿತಿನ್ ಎಂಬ ಹುಡುಗನಂಥ ಮನುಷ್ಯ. ಬೆಲೆಯನ್ನು ಅವನು ದೇವರ ಹೆಸರಿನಂತೆ ಮೆಲ್ಲಗೆ ಹೇಳಿದ. ಅಷ್ಟಕ್ಕೆ ಅದೇ ರಸ್ತೆಯಲ್ಲಿ ಒಂದು ಫ್ಲ್ಯಾಟು ಬರುತ್ತಿತ್ತು. ವಸುಧಾ ಅದನ್ನೇ ಹೇಳಿದಳು.

"ಫ್ಲ್ಯಾಟು ಕಾಡಿಗೆ ಹೋಗಲ್ವಲ್ಲ ಆಂಟಿ" ಎಂದು ನಕ್ಕ ನಿತಿನ್.

"ಈ ಕಡೆ ಚಿರತೇನೇ ಅಪಾರ್ಟ್‌ಮೆಂಟಿಗೆ ಬರುತ್ತಂತಲ್ಲಪ್ಪ. ನಾವ್ಯಾಕೆ ಅಷ್ಟು ಖರ್ಚು ಮಾಡ್ಕೊಂಡು ಹೋಗ್ಬೇಕು?"

ನಿತಿನ್ ಸೋಲುವವನಲ್ಲ. "ಇವತ್ತು ಮನೆಗೆ ತಗೊಂಡ್ ಹೋಗಿ, ನಾಳೆ ತಂದ್ಕೊಡಿ. ಆಮೇಲೆ ಹೇಳಿ" ಎಂದು ಕೀಲಿ ಕೊಟ್ಟುಬಿಟ್ಟ. ಸ್ಟೀರಿಂಗ್ ಹಿಡಿದು ಕೂತಾಗ ಬನ್ನೇರುಘಟ್ಟ ರಸ್ತೆ ಕೆಳಗೆಲ್ಲೋ ಪಾತಾಳದಲ್ಲಿ ಕಾಣುತ್ತಿತ್ತು. ಸಾಮಾನ್ಯ ಜನರ ಕಾರುಗಳನ್ನು ಕರುಣೆಯಿಂದ ನೋಡುತ್ತಾ ಅರ್ಧ ಮೈಲಿ ಹೋದೆ. ಅಲ್ಲಿ ಜಾಮ್.

ಮಾಮೂಲಿ ಜಾಮ್ ಅಲ್ಲ. ಮುಂದೆಲ್ಲೋ ಕಾಂಕ್ರೀಟಿನ ಲಾರಿ ಕೆಟ್ಟು ಅಡ್ಡ ನಿಂತಿತ್ತಂತೆ. ಎಲ್ಲರೂ ಇಂಜಿನ್ ಆರಿಸಿದರು. ನದಿ ದಾಟಬಲ್ಲ, ಬೆಟ್ಟ ಹತ್ತಬಲ್ಲ ನನ್ನ ರಥಕ್ಕೆ ಮುಂದಿನ ಸ್ಕೂಟರನ್ನು ದಾಟುವ ವಿದ್ಯೆ ಗೊತ್ತಿರಲಿಲ್ಲ. ನಾನು ಹಾರ್ನ್ ಒತ್ತುತ್ತಾ ಬೆವರುತ್ತಿದ್ದಾಗ ವಸುಧಾ ಎದ್ದು ಹಿಂದೆ ಹೋದಳು. ಕೆಳಗಿಳಿದು ಪಕ್ಕದ ಅಂಗಡಿಯಿಂದ ಹಾಲು, ಕಾಫಿಪುಡಿ ತಂದಳು. ಸ್ವಲ್ಪ ಹೊತ್ತಿಗೆ ಕಾಫಿಯ ಘಮ ರಸ್ತೆಗೆಲ್ಲ ಹರಡಿತು.

ಪಕ್ಕದಲ್ಲಿ ಒಂದು ಆಟೋ ನಿಂತಿತ್ತು. ಅದರಲ್ಲಿದ್ದ ವಯಸ್ಸಾದ ಹೆಂಗಸು ಬಹಳ ಹೊತ್ತಿನಿಂದ ಚಡಪಡಿಸುತ್ತಿದ್ದರು. ಕೊನೆಗೆ ಕಿಟಕಿಯಲ್ಲಿದ್ದ ವಸುಧಾಳನ್ನು ಕರೆದು, "ಅಮ್ಮಾ, ನಂಗೆ ಶುಗರ್ರು. ಇಲ್ಲೆಲ್ಲೂ..." ಎಂದು ಅರ್ಧಕ್ಕೇ ನಿಲ್ಲಿಸಿದರು. ಕಣ್ಣಲ್ಲಿ ನೀರಿತ್ತು.

"ಬನ್ನಿ, ಒಳಗಡೆ ಇದೆ" ಎಂದು ವಸುಧಾ ಕೈ ಹಿಡಿದು ಹತ್ತಿಸಿಕೊಂಡಳು.

ಸುದ್ದಿ ಜಾಮಿನಲ್ಲಿ ಹರಡಿದಷ್ಟು ವೇಗವಾಗಿ ಬೇರೆಲ್ಲೂ ಹರಡುವುದಿಲ್ಲ. ಬಸ್ಸಿನಿಂದ ಗರ್ಭಿಣಿಯೊಬ್ಬಳು ಇಳಿದು ಬಂದಳು. ಅವಳ ಹಿಂದೆ ಮಕ್ಕಳನ್ನು ಎತ್ತಿಕೊಂಡ ತಾಯಂದಿರು ಬಂದರು. ಗಾಡಿಯ ಹಿಂದೆ ಸಾಲೇ ನಿಂತಿತು. ವಸುಧಾ ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಾ, ಹೊರಗೆ ಬಂದವರಿಗೆ ಕಾಫಿ ಕೊಡುತ್ತಾ, ಆಟೋದ ಅಜ್ಜಿಯನ್ನು ಹಾಸಿಗೆಯ ಮೇಲೆ ಕಾಲು ಚಾಚಿ ಕೂರಿಸಿ ಮಾತಾಡುತ್ತಾ, ಮದುವೆಮನೆಯ ಯಜಮಾನಿತಿಯಂತೆ ಓಡಾಡಿದಳು. "ನಿಮ್ಮ ಹೊಟ್ಟೆ ತಣ್ಣಗಿರ್ಲಿ ಕಣಮ್ಮ" ಎಂದು ಹರಸಿ ಅಜ್ಜಿ ಇಳಿದರು. ಅಷ್ಟು ಜನರಲ್ಲಿ ನನ್ನನ್ನು ಮಾತಾಡಿಸಿದವನು ಒಬ್ಬನೇ. "ಡ್ರೈವರಣ್ಣ, ಗಂಡಸರಿಗೂ ಉಂಟಾ?" ಎಂದು ಕೇಳಿದ.

ಮಾರನೆಯ ಬೆಳಿಗ್ಗೆ ನಿತಿನ್ ಫೋನ್ ಮಾಡಿ, "ಅಂಕಲ್, ಟಾಯ್ಲೆಟ್ ಯೂಸ್ ಮಾಡಿದ್ರೆ ಕೆಳಗಿನ ಪೆಟ್ಟಿಗೆ ಎಳೆದು ಖಾಲಿ ಮಾಡ್ಬಿಡಿ, ತುಂಬಾ ಈಸಿ" ಎಂದ. ಆ ಗಡ್ಡದವನು ಇದೊಂದನ್ನು ಯಾವ ವಿಡಿಯೊದಲ್ಲೂ ತೋರಿಸಿರಲಿಲ್ಲ. ಬನ್ನೇರುಘಟ್ಟ ರಸ್ತೆಯ ಆ ಕೊಡುಗೆಯನ್ನು ಎರಡೂ ಕೈಯಲ್ಲಿ ಹೊತ್ತು, ಉಸಿರು ಕಟ್ಟಿ, ನಮ್ಮ ನಡುಮನೆ ದಾಟಿ ಕಕ್ಕಸಿಗೆ ಒಯ್ದೆ. ದೇವರ ಕೋಣೆಯ ಮುಂದೆ ಹಾಯುವಾಗ ಅದು ಒಮ್ಮೆ ತುಳುಕಿತು. ಅಷ್ಟೇ ಹೇಳುತ್ತೇನೆ. ಆ ಕ್ಷಣದಲ್ಲಿ ಹಿಮಾಲಯ ನನ್ನೊಳಗಿಂದ ಇಳಿದು ಹೋಯಿತು.

ಸ್ನಾನ ಮಾಡಿ, ಮತ್ತೊಮ್ಮೆ ಸ್ನಾನ ಮಾಡಿ ಬಂದರೆ ವಸುಧಾ ಉತ್ಸಾಹದಲ್ಲಿ ಕೂತಿದ್ದಳು.

"ತಗೊಳ್ಳೋಣ ರೀ. ನಂಗೆ ರಿಟೈರ್ ಆದ್ಮೇಲೆ ನಿನ್ನೆಯಷ್ಟು ಖುಷಿ ಯಾವತ್ತೂ ಆಗಿರ್ಲಿಲ್ಲ."

"ಹುಚ್ಚಾ ನಿಂಗೆ? ಆ ದುಡ್ಡಿಗೆ ಒಳ್ಳೇ ಹೋಟೆಲಲ್ಲಿ ಮಲಗಬಹುದು."

"ಜಾಮಲ್ಲಿ ಸಿಕ್ಕಾಕ್ಕೊಂಡಾಗ ಹೋಟೆಲು ನಮ್ಮ ಜೊತೆ ಬರುತ್ತೇನ್ರೀ?"

ಗಾಡಿಯನ್ನು ಒಬ್ಬನೇ ಹೋಗಿ ಒಪ್ಪಿಸಿ ಬಂದೆ. ಸಂಜೆ ಮತ್ತೆ ನಿತಿನ್ ಫೋನು.

"ಹೇಗಿತ್ತು ಅಂಕಲ್? ಬುಕ್ ಮಾಡೋಣ್ವಾ?"

"ಗಾಡೀಲಿ ಏನೂ ದೋಷ ಇಲ್ಲಪ್ಪ. ತಗೊಳ್ಳೋನದೇ ಪ್ರಾಬ್ಲಮ್ಮು" ಎಂದೆ.

"ಪರವಾಗಿಲ್ಲ ಅಂಕಲ್, ಆಂಟಿಗೆ ಕೊಡಿ ಫೋನು."

ಅವಳು ದೇವಸ್ಥಾನಕ್ಕೆ ಹೋಗಿದ್ದಾಳೆ, ಬರುವುದು ಬಹಳ ತಡವಾಗುತ್ತದೆ ಎಂದೆ. ಹೇಳಿ ಮುಗಿಸುವುದರೊಳಗೆ ಅಡುಗೆಮನೆಯಿಂದ, ನಲವತ್ತು ಮಕ್ಕಳ ಕ್ಲಾಸಿನ ಕೊನೆಯ ಬೆಂಚಿಗೂ ಮುಟ್ಟುತ್ತಿದ್ದ ಆ ದನಿ ಕೇಳಿಸಿತು: "ಯಾರ್ರೀ ಅದು, ನಿತಿನ್ನಾ?"